ಪಾಳೆಯದ ಹೊರಗೆ

ಜನವರಿ 9, 2021, ಶನಿವಾರ

ಎಡಗೈಯಲ್ಲಿ, ಗಡಿಯಾರ ಕಟ್ಟುವ ಜಾಗದಲ್ಲಿ, ಒಂದು ಬಿಳಿ ಚುಕ್ಕೆ. ಕೈಗವಸು ತೆಗೆದು ತೊಳೆಯುವಾಗ ಸೋಪಿನ ನೊರೆ ಇರಬೇಕು ಅಂದುಕೊಂಡೆ. ಉಜ್ಜಿದೆ. ಹೋಗಲಿಲ್ಲ. ಮತ್ತೆ ಉಜ್ಜಿದೆ. ಪಕ್ಕದ ನಲ್ಲಿಯಲ್ಲಿದ್ದ ನರ್ಸ್ "ಯೂ ಗ್ರ್ಯಾಂಡ್, ಡಾಕ್ಟರ್?" ಅಂದಳು. "ಗ್ರ್ಯಾಂಡ್" ಅಂದೆ. ಐರ್ಲೆಂಡಿನವರ ಬಾಯಲ್ಲಿ ಅದಕ್ಕೆ ಚೆನ್ನಾಗಿದೆ ಎಂದರ್ಥ.

ಸ್ಯಾನಿಟೈಸರ್ ಸುಟ್ಟಿದ್ದಿರಬಹುದು. ಹುಳುಕಡ್ಡಿಯೂ ಇರಬಹುದು. ಆದರೆ ಹೊಟ್ಟಿಲ್ಲ, ತುರಿಕೆಯಿಲ್ಲ, ಅಂಚು ಕತ್ತರಿಸಿದಷ್ಟು ಸ್ಪಷ್ಟ. ಬೇರೆಯವರ ಕೈಯಾಗಿದ್ದರೆ ನೋಡಿದ ಕೂಡಲೇ ಹೆಸರು ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಆಡುವುದಿಲ್ಲ. ನಾನೂ ಬರೆಯುವುದಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎರಡೂ ಇರುವುದರಿಂದ ನಾನೇ ಮನೆ ಬಿಟ್ಟು ಬಂದೆ. ಕ್ಲಾಂಡಾಲ್ಕಿನ್‌ನಲ್ಲಿ ಗಂಡ ಸತ್ಯಪ್ರಕಾಶ್, ಮಗಳು ತನ್ವಿ, ಅತ್ತೆ. ಅದೇ ಊರಿನ ಇನ್ನೊಂದು ಬಡಾವಣೆ ಟೆರೆನ್ಯೂರ್‌ನಲ್ಲಿ, ಕಾಟ್ಸ್ ಎಂಬ ಮುದುಕರ ಹಿತ್ತಲ ಬಾಡಿಗೆ ಕೋಣೆಯಲ್ಲಿ ನಾನು. ಆಸ್ಪತ್ರೆಯ ಸೋಂಕು ಮನೆಗೆ ಹೋಗದಿರಲಿ ಎಂದು ಈ ಏರ್ಪಾಡು. ಈಗ ಇನ್ನೊಂದು ಕಾರಣವೂ ಸಿಕ್ಕಿತು. ಕೋಣೆಯಲ್ಲಿ ನನ್ನನ್ನು ನೋಡುವವರು ಯಾರೂ ಇಲ್ಲ.

ಜನವರಿ 13, ಬುಧವಾರ

ಆಸ್ಪತ್ರೆಯಲ್ಲಿ ಮೊಣಕೈ ಕೆಳಗೆ ಏನೂ ಇರಕೂಡದು ಎಂಬ ನಿಯಮ. ಉದ್ದ ತೋಳಿನ ಅಂಗಿ, ಬಳೆ, ಗಡಿಯಾರ ಯಾವುದೂ ಇಲ್ಲ. ಹಾಗಾಗಿ ಕೋವಿಡ್ ವಾರ್ಡೇ ವಾಸಿ ಅನಿಸುತ್ತಿದೆ. ಅಲ್ಲಿ ಗೌನು, ಎರಡು ಜೊತೆ ಕೈಗವಸು. ಜನ ಉಸಿರಿಗಾಗಿ ಒದ್ದಾಡುವ ಕಡೆ ಬಚ್ಚಿಟ್ಟುಕೊಳ್ಳಲು ಹೋಗುತ್ತಿದ್ದೇನೆ.

ಸಂಜೆ ತನ್ವಿ ವಿಡಿಯೋದಲ್ಲಿ ಬಂದಳು. "Mam, why are you only showing me half your face?" ಅವಳು ಕೇಳಿದ್ದು ಇಷ್ಟೇ. ತುಟಿಯ ಬಲಮೂಲೆಯಲ್ಲಿ ಇನ್ನೊಂದು ಬಂದಿದೆ. ಫೋನನ್ನು ಓರೆ ಮಾಡಿ ಹಿಡಿದಿದ್ದೆ. ನೆಟ್ಟು ಸರಿಯಿಲ್ಲ ಪುಟ್ಟಾ ಅಂದೆ.

ಹಿಂದಿನಿಂದ ಅತ್ತೆಯ ದನಿ: "ಸೊರಗಿ ಹೋಗಿದೀಯಲ್ಲೇ ವನಜಾ. ಮೊಸರು ತಿಂತಿದೀಯೋ ಇಲ್ವೋ?"



ಜನವರಿ 17, ಭಾನುವಾರ

ರಜೆ. ಮಿಸ್ಟರ್ ಕಾಟ್ಸ್ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಹಿತ್ತಲಿನ ಬೆಂಚಿನ ಮೇಲೆ. ನಡುವೆ ಒದ್ದೆ ಹುಲ್ಲು. ಎಂಬತ್ತು ದಾಟಿದ ಯಹೂದಿ. ಈ ಊರಿನಲ್ಲೇ ಬೂಟಿನ ಅಂಗಡಿ ನಡೆಸಿ ಮುದುಕರಾದವರು. ಹೆಂಡತಿ ಇಲ್ಲ, ಮಕ್ಕಳು ಹುಟ್ಟಲಿಲ್ಲ. ಪ್ರಾರ್ಥನಾ ಮಂದಿರ ಮುಚ್ಚಿರುವುದರಿಂದ ಮಾತಿಗೆ ಹಸಿದಿದ್ದಾರೆ.

"ನೀವು ಡಾಕ್ಟರು," ಅಂದರು. "ನಾನೂ ಅರ್ಧ ಡಾಕ್ಟರೇ. ಚರ್ಮ ನೋಡುವುದು ನಮ್ಮ ವಂಶದವರ ಕೆಲಸವಾಗಿತ್ತು."

ಕೈಯನ್ನು ಕೋಟಿನ ಜೇಬಿಗೆ ಇಳಿಸಿದೆ. ಎಷ್ಟು ಬೇಗ ಇಳಿಸಿದೆನೆಂದರೆ ಅವರು ಹುಬ್ಬೇರಿಸಿದರು.

ಅವರದು ಕೊಹೆನ್ ವಂಶ, ಅಂದರೆ ಹಳೆಯ ದೇವಾಲಯದ ಪುರೋಹಿತರ ಪೀಳಿಗೆ. ಹದಿಮೂರು ತುಂಬಿದ ಹುಡುಗ ಸಭೆಯ ಮುಂದೆ ಧರ್ಮಗ್ರಂಥದ ಒಂದು ಭಾಗ ಓದಬೇಕಂತೆ. ಯಾವ ಭಾಗ ಎಂಬುದು ಹುಟ್ಟಿದ ವಾರದ ಮೇಲೆ. "ನನ್ನ ಗೆಳೆಯನಿಗೆ ಸಮುದ್ರ ಇಬ್ಭಾಗವಾದ ಕಥೆ ಸಿಕ್ಕಿತು. ನನಗೆ ಸಿಕ್ಕಿದ್ದು ಹುಣ್ಣು, ಬಾವು, ಬಿಳಿ ಮಚ್ಚೆ. ನನ್ನ ಮುಖದ ತುಂಬ ಮೊಡವೆ ಬೇರೆ. ಇಡೀ ಸಭೆ ನನ್ನ ಕೆನ್ನೆ ನೋಡುತ್ತಾ ಕೂತಿತ್ತು."

ನಕ್ಕರು. ನಾನೂ ನಗಬೇಕಾಯಿತು.

"ಮಚ್ಚೆ ಇದ್ದವನನ್ನು ಪುರೋಹಿತನ ಬಳಿ ಕರೆತರುತ್ತಿದ್ದರು. ಪುರೋಹಿತ ನೋಡಿ ಶುದ್ಧ ಅಥವಾ ಅಶುದ್ಧ ಎನ್ನುತ್ತಿದ್ದ. ಅನುಮಾನವಿದ್ದರೆ ಒಂದು ವಾರ ಬೇರೆ ಇಟ್ಟು ಮತ್ತೆ ನೋಡುತ್ತಿದ್ದ. ಅಶುದ್ಧ ಅಂದರೆ ಅವನು ಪಾಳೆಯದ, ಜನರೆಲ್ಲ ಬೀಡುಬಿಟ್ಟ ಜಾಗದ, ಹೊರಗೆ ಒಬ್ಬನೇ ಇರಬೇಕು. ಬಟ್ಟೆ ಹರಿದುಕೊಂಡು, ಬಾಯಿ ಮುಚ್ಚಿಕೊಂಡು."

"ಹೇಗೆ ಗೊತ್ತಾಗುತ್ತಿತ್ತು, ಅಶುದ್ಧ ಅಂತ?" ಸಾಧ್ಯವಾದಷ್ಟು ಹಗುರಾಗಿ ಕೇಳಿದೆ.

"ಹಲವು ಗುರುತು. ಹರಡುತ್ತಿದ್ದರೆ ಒಂದು. ಮಚ್ಚೆಯೊಳಗಿನ ಕೂದಲು ಬಿಳಿಯಾಗಿದ್ದರೆ ಇನ್ನೊಂದು."

ಜನವರಿ 18

ಬೆಳಗಿನ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಎರಡು ಕೂದಲು ಬಿಳಿ.

ಕಿತ್ತುಹಾಕಿದೆ.

ಜನವರಿ 21, ಗುರುವಾರ

ಇವತ್ತು ರಾಜಮ್ಮ ಚಿಕ್ಕಮ್ಮನ ಮುಖ ಕಣ್ಣಿನಿಂದ ಆಚೆ ಹೋಗಲೇ ಇಲ್ಲ. ಅಮ್ಮನ ತಂಗಿ. ನಂಜನಗೂಡಿನಲ್ಲಿ ರವಿಕೆ ಹೊಲಿಯುತ್ತಾ ಒಂಟಿಯಾಗಿ ಇದ್ದಾಳೆ. ಹದಿನೇಳಕ್ಕೆ ಪಾದದಲ್ಲಿ ಶುರುವಾದದ್ದು ಮೂವತ್ತರ ಹೊತ್ತಿಗೆ ಮುಖಕ್ಕೆ ಬಂತು. ಮದುವೆಯಾಗಲಿಲ್ಲ. ಹಬ್ಬಕ್ಕೆ ಬಂದರೆ ಅವಳಾಗಿಯೇ ಅಡುಗೆಮನೆಯ ಹೊಸ್ತಿಲಾಚೆ ಕೂರುತ್ತಿದ್ದಳು. ಯಾರೂ ಅಲ್ಲಿ ಕೂರು ಅಂದದ್ದಲ್ಲ. ಒಳಗೆ ಬಾ ಅಂದದ್ದೂ ಇಲ್ಲ.

ಸತ್ಯನ ಮನೆಯವರು ನನ್ನನ್ನು ನೋಡಲು ಬಂದ ದಿನ ಅವಳು ನಮ್ಮ ಮನೆಯಲ್ಲೇ ಇದ್ದಳು. ಅಪ್ಪ ಅವಳನ್ನು ಮ್ಯಾಟಿನಿಗೆ ಕಳಿಸಿದ. ಅತ್ತೆ ಕಾಫಿ ಕುಡಿಯುತ್ತಾ ಕೇಳಿದರು: "ನಿಮ್ಮ ಕಡೆ ಯಾರಿಗೂ ಆ ಥರದ್ದೇನೂ ಇಲ್ಲ ತಾನೇ?" ಅಪ್ಪ ಇಲ್ಲ ಅಂದ. ಸಂಜೆ ಚಿಕ್ಕಮ್ಮ ಹಿತ್ತಲ ಬಾಗಿಲಿನಿಂದ ಬಂದು ಮೆಲ್ಲಗೆ ಕೇಳಿದಳು, "ಒಪ್ಪಿದ್ರಾ?"

ಹರಡುತ್ತಿದೆ. ಇವತ್ತು ಹೆಬ್ಬೆರಳ ಬುಡದಲ್ಲೂ.

ಅತ್ತೆ ನೋಡಿದರೆ ಮೊದಲು ತನ್ವಿಯ ಮೈಯನ್ನು ತಡಕುತ್ತಾರೆ. ನನಗೆ ಗೊತ್ತು. ಯಾಕೆಂದರೆ ನಾನೂ ಅದನ್ನೇ ಮಾಡಬೇಕೆಂದು ತಹತಹಿಸುತ್ತಿದ್ದೇನೆ.

ಜನವರಿ 24, ಭಾನುವಾರ

ಮತ್ತೆ ಬೆಂಚು, ಮತ್ತೆ ಕುರ್ಚಿ. ಒಬ್ಬ ರೋಗಿಗೆ ಅಂಥ ಬಿಳಿ ಮಚ್ಚೆ ಬಂದಿದೆ, ತುಂಬ ಹೆದರಿದ್ದಾಳೆ ಅಂದೆ.

"ಅಂಟುತ್ತದೆ ಅಂತಲೋ?"

"ಅಂಟಲ್ಲ. ಅದು ಅವಳಿಗೂ ಗೊತ್ತು. ಆದರೂ."

"ನಮ್ಮ ಗ್ರಂಥದ್ದೂ ಅಂಟುವ ರೋಗವಲ್ಲ. ಆಮೇಲಿನವರು ಕುಷ್ಠ ಎಂದು ಅನುವಾದ ಮಾಡಿ ಗೊಂದಲ ಎಬ್ಬಿಸಿದರು. ಮದುಮಗನಿಗೆ ಮಚ್ಚೆ ಬಂದರೆ ಮದುವೆಯ ವಾರ ಮುಗಿಯುವವರೆಗೆ ಪುರೋಹಿತ ನೋಡುತ್ತಿರಲಿಲ್ಲ. ಹಬ್ಬದ ದಿನಗಳಲ್ಲೂ ಇಲ್ಲ. ಅಂಟುವುದಾದರೆ ಅವನನ್ನು ಮದುವೆ ಊಟದ ನಡುವೆ ಬಿಡುತ್ತಿದ್ದರೇ? ಮನೆಯ ಗೋಡೆಗೆ ಮಚ್ಚೆ ಬಂದರೆ, ಪುರೋಹಿತ ಹೊಸ್ತಿಲು ತುಳಿಯುವ ಮುಂಚೆ ಪಾತ್ರೆಪಡಗವನ್ನೆಲ್ಲ ಹೊರಗಿಡಲು ಹೇಳುತ್ತಿದ್ದರು. ಅವನು ಅಶುದ್ಧ ಎಂದುಬಿಟ್ಟರೆ ಬಡವನ ಮಡಕೆಯೂ ಹೋಗುತ್ತಿತ್ತಲ್ಲ. ಅವನ ಬಾಯಿಂದ ಆ ಪದ ಬರುವವರೆಗೆ ಯಾವುದೂ ಅಶುದ್ಧವಲ್ಲ."

"ಪುರೋಹಿತನಿಗೇ ಬಂದರೆ? ತನ್ನದನ್ನು ತಾನೇ ನೋಡಿಕೊಳ್ಳಬಹುದಾ?"

"ಇಲ್ಲ. ಎಲ್ಲರದ್ದೂ ನೋಡಬಹುದು, ತನ್ನದು ಮಾತ್ರ ಆಗದು. ಇನ್ನೊಬ್ಬನ ಬಳಿ ಹೋಗಬೇಕು."

ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗದಲ್ಲಿ ಮಧುಸೂದನ ಇದ್ದಾನೆ. ಮೈಸೂರಿನವನು, ಕಾಲೇಜಿನಲ್ಲಿ ನನಗಿಂತ ಕಿರಿಯ. ಫೋನಿನಲ್ಲಿ ಅವನ ಹೆಸರು ತೆರೆದೆ, ಮುಚ್ಚಿದೆ. ಅವನ ಹೆಂಡತಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿದ್ದಾಳೆ.

ಜನವರಿ 29, ಶುಕ್ರವಾರ

ಬೆಳಿಗ್ಗೆ ಕಾಟ್ಸ್ ಮನೆಯ ಪರದೆ ಸರಿದಿರಲಿಲ್ಲ. ಎರಡು ದಿನದಿಂದ ಗೋಡೆಯಾಚೆ ಕೆಮ್ಮು ಕೇಳುತ್ತಿತ್ತು. ನೆಗಡಿ ಎಂದಿದ್ದರು. ಬಾಗಿಲು ಬಡಿದೆ, ಉತ್ತರವಿಲ್ಲ. ಹೂಕುಂಡದ ಕೆಳಗಿನ ಬೀಗದಕೈ ತೆಗೆದು, ಮಾಸ್ಕು, ಏಪ್ರನ್, ಕೈಗವಸು ಹಾಕಿಕೊಂಡು ಒಳಗೆ ಹೋದೆ.

ಮುಂದಿನ ಕೋಣೆಯ ಸೋಫಾದ ಮೇಲೆ ಕೂತೇ ಇದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಬರೀ ಗೆರೆ, ಅಂಕಿಯೇ ಬರುತ್ತಿಲ್ಲ. ಅಷ್ಟು ತಣ್ಣಗಿತ್ತು ಕೈ. ಕೈಗವಸು ಕಳಚಿ ಅವರ ಬೆರಳುಗಳನ್ನು ನನ್ನ ಎರಡೂ ಅಂಗೈಗಳ ನಡುವೆ ಇಟ್ಟು ತಿಕ್ಕಿದೆ. ಬಹಳ ಹೊತ್ತು ತಿಕ್ಕಿದೆ. ಕೊನೆಗೂ ಅಂಕಿ ಬಂತು. ಎಂಬತ್ತೊಂದು. ತೊಂಬತ್ತೈದರ ಮೇಲಿರಬೇಕಾದದ್ದು.

ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಂತೆ ಅವರು ತಲೆಯಾಡಿಸಿದರು. "ಬೇಡ."

"ಮಿಸ್ಟರ್ ಕಾಟ್ಸ್, ಇಲ್ಲೇ ಇದ್ದರೆ ಸಂಜೆ ನೋಡಲ್ಲ ನೀವು."

"ಅಲ್ಲಿ ಹೆಣಗಳಿವೆ. ಕೊಹೆನ್ ಆದವನು ಹೆಣ ಇರುವ ಸೂರಿನಡಿ ಇರಬಾರದು. ಗೆಳೆಯರ ಮಣ್ಣಿಗೆ ಹೋದರೂ ಗೇಟಿನ ಹೊರಗೇ ನಿಂತವನು ನಾನು."

"ಜೀವ ಹೋಗುವ ಹೊತ್ತಲ್ಲಿ ನಿಮ್ಮ ಕಾನೂನು ಏನು ಹೇಳುತ್ತೆ?"

ಉಸಿರೆಳೆದುಕೊಂಡರು. "ಜೀವ ಮೊದಲು ಅನ್ನುತ್ತೆ."

"ಮತ್ತೇನು?"

"ಕಾನೂನೇನೋ ಸರಿಯಾಗಿದೆ, ಡಾಕ್ಟರ್. ನನಗೆ ಹೆದರಿಕೆ."

ನನಗೂ ಅಂದೆ. ಯಾವುದಕ್ಕೆ ಎಂದು ಅವರು ಕೇಳಲಿಲ್ಲ. ಕಿಟಕಿಯ ಬೆಳಕು ಬೀಳುತ್ತಿದ್ದ ನನ್ನ ಕೈಯನ್ನೇ ನೋಡುತ್ತಿದ್ದರು. ಎಳೆದುಕೊಳ್ಳುವಂತಿರಲಿಲ್ಲ. ಬಿಟ್ಟರೆ ಅಂಕಿ ಹೋಗುತ್ತದೆ.

"ಇವಳೇನಾ ನಿಮ್ಮ ರೋಗಿ?"

ಹೂಂ ಅಂದೆ.

ಕಿಟಕಿಯ ಕಡೆ ಕಣ್ಣು ಹೊರಳಿಸಿದರು. "ಇವತ್ತು ಮೋಡ. ಮೋಡದ ದಿನ ನೋಡಬಾರದು ಅಂತ ನಿಯಮ." ಒಂದೊಂದೇ ಪದಕ್ಕೆ ನಿಲ್ಲುತ್ತಾ ಹೇಳಿದರು. "ಈ ದೇಶದಲ್ಲಿ... ನಮ್ಮವರಿಗೆ... ಕೆಲಸವೇ ಇರುತ್ತಿರಲಿಲ್ಲ."

ನಗು ಬಂತು. ಮಾಸ್ಕಿನೊಳಗೆ ಮೂಗು ಸೋರಿ ಕನ್ನಡಕ ಮಂಜಾಯಿತು. ಆಂಬುಲೆನ್ಸ್ ಬಂದಾಗಲೂ ಕೈ ಹಾಗೇ ಹಿಡಿದಿದ್ದೆವು.

ಜನವರಿ 30

ಇದ್ದಾರೆ. ಮಾಸ್ಕಿನ ಆಕ್ಸಿಜನ್ ಸಾಲುತ್ತಿಲ್ಲ.

ಫೆಬ್ರವರಿ 8, ಸೋಮವಾರ

ಇಷ್ಟು ದಿನ ಬರೆಯುವ ಶಕ್ತಿಯಿರಲಿಲ್ಲ. ಕಾಟ್ಸ್ ನನ್ನ ವಾರ್ಡಿನವರಲ್ಲ, ಆದರೂ ಪಾಳಿ ಮುಗಿದ ಮೇಲೆ ದಿನವೂ ಹೋಗಿ ನೋಡಿ ಬರುತ್ತೇನೆ. ಒಂದೊಂದು ಸಲ ಪರದೆ ಸರಿಸುವ ಮುಂಚೆ ಅದನ್ನು ಹಿಡಿದು ನಿಂತುಬಿಡುತ್ತೇನೆ. ಖಾಲಿ ಹಾಸಿಗೆ ಕಂಡರೆ?

ಇವತ್ತು ಎದುರು ಹಾಸಿಗೆಯಾತ ತೀರಿಕೊಂಡ. ಪರದೆ ಎಳೆದರು, ಗಾಲಿಯ ಸದ್ದು ದೂರವಾಯಿತು. ಕಾಟ್ಸ್ ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡು ಮಲಗಿದ್ದರು. ನಾನು ಬಂದದ್ದು ತಿಳಿದು ಕಣ್ಣಷ್ಟೇ ಹೊರಗೆ ಹಾಕಿದರು.

"ಈಗ ನಾನು ಏನು, ಡಾಕ್ಟರ್? ಶುದ್ಧವೋ, ಅಶುದ್ಧವೋ?"

"ಆರು ಲೀಟರ್ ಆಕ್ಸಿಜನ್," ಅಂದೆ. "ಮೊನ್ನೆ ಹದಿನೈದು ಇತ್ತು."

ಅವರು ನಗಲು ಹೋಗಿ ಕೆಮ್ಮಿದರು. ಬೆನ್ನು ತಟ್ಟಿ ನೀರು ಕುಡಿಸಿದೆ. ಅವರ ಅಂಗೈ ಬೆಚ್ಚಗಾಗಿದೆ. ಒಳಗೆ ಬಂದ ನರ್ಸ್ ನನ್ನ ಕೈ ನೋಡಿದಳು ಅಂತ ಕಾಣುತ್ತದೆ. ಗಮನಿಸಲು ಪುರುಸೊತ್ತಾಗಲಿಲ್ಲ.

ಫೆಬ್ರವರಿ 19, ಶುಕ್ರವಾರ

ಮಧುಸೂದನನ ಬಳಿ ಹೋದೆ. ಅವನು "ಬನ್ನಿ ಅಕ್ಕ, ಯಾರಿಗೆ ತೋರಿಸ್ಬೇಕು?" ಅಂದ. ಕೈ ಚಾಚಿದೆ.

ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಿಡಿದ. ಮಚ್ಚೆಗಳು ಸುಣ್ಣ ಬಳಿದ ಹಾಗೆ ಹೊಳೆದವು. ನನಗೆ ಕಾಣದಿದ್ದವೂ ಹೊಳೆದವು, ಬೆರಳ ತುದಿಯಲ್ಲಿ, ಕಣ್ಣಿನ ಕೆಳಗೆ.

"ವಿಟಿಲಿಗೋ, ಅಕ್ಕ," ಅಂದ ದೀಪ ಆರಿಸಿ. ಕನ್ನಡದ ಪದ ಅವನ ಬಾಯಿಗೆ ಬರುತ್ತಿಲ್ಲ ಎಂದು ಗೊತ್ತಾಯಿತು.

"ತೊನ್ನು," ಅಂದೆ ನಾನೇ.

"ಹೂಂ. ಮುಲಾಮು ಶುರು ಮಾಡಣ. ಕ್ಲಿನಿಕ್ ತೆರೆದ ಮೇಲೆ ಲೈಟ್ ಟ್ರೀಟ್‌ಮೆಂಟು. ಕೆಲವರಿಗೆ ಬಣ್ಣ ವಾಪಸ್ ಬರತ್ತೆ, ಕೆಲವರಿಗೆ ಇಲ್ಲ. ನಿಮಗೆ ನಾನೇನು ಹೇಳೋದು?"

"ಹೇಳು. ಬೇರೆ ರೋಗಿಗೆ ಹೇಳೋ ಹಾಗೇ ಎಲ್ಲಾ ಹೇಳು."

ಹೇಳಿದ. ಕೊನೆಗೆ, "ಮನೇಲಿ ಗೊತ್ತಾ?" ಅಂದ. ಇಲ್ಲ ಅಂದೆ. ತನ್ವಿಗೆ ಬರಬಹುದಾ ಎಂದು ಕೇಳಿದೆ. ಬರದೇ ಇರುವ ಸಾಧ್ಯತೆಯೇ ಹೆಚ್ಚು ಅಂದ. ಅದು ನನಗೆ ಗೊತ್ತಿದ್ದ ಉತ್ತರವೇ.

ಮಾರ್ಚ್ 14, ಭಾನುವಾರ

ಕಾಟ್ಸ್ ಮನೆಗೆ ಬಂದಿದ್ದಾರೆ, ಮೂಳೆ ಚಕ್ಕಳವಾಗಿ. ಅವರ ಅಡುಗೆಮನೆಯಲ್ಲಿ ಬೇಳೆಸಾರು ಮಾಡಿದೆ. ಅವರು ಕುರ್ಚಿಯಿಂದಲೇ ಆಜ್ಞೆ ಕೊಡುತ್ತಿದ್ದರು: ನೀಲಿ ಪಾತ್ರೆ ಹಾಲಿಗೆ, ಕೆಂಪು ಮಾಂಸಕ್ಕೆ, ಆ ಸೌಟು ಮುಟ್ಟಬೇಡಿ, ಇದು ಮುಟ್ಟಿ. ಅವರಲ್ಲಿ ಹಾಲು, ಮಾಂಸ ಒಂದಕ್ಕೊಂದು ಸೋಕಕೂಡದಂತೆ. ನನ್ನ ಅತ್ತೆಗೆ ಈ ಅಡುಗೆಮನೆ ಬಹಳ ಹಿಡಿಸುತ್ತಿತ್ತು.

ಕಿಟಕಿಯ ಗಾಜಿನಲ್ಲಿ ಮುಖ ಕಂಡಿತು. ತುಟಿಯ ಪಕ್ಕದ್ದು ದೊಡ್ಡದಾಗಿದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಕಾಟ್ಸ್ ಎರಡು ಬಟ್ಟಲು ಕುಡಿದರು.

ಏಪ್ರಿಲ್ 17, ಶನಿವಾರ

ವರ್ಷಕ್ಕೊಮ್ಮೆ ಬರುವ ಅವರ ಹಳೆಯ ಪಾಠದ ಸರದಿ ಈ ವಾರ. ಮಂದಿರ ಇನ್ನೂ ಮುಚ್ಚಿದೆ. ಕಾಟ್ಸ್ ಬಿಳಿ ಶಾಲು ಹೊದ್ದು ಹಿತ್ತಲಿನಲ್ಲಿ ಕೂತು, ಪುಸ್ತಕ ಹಿಡಿದು ರಾಗವಾಗಿ ಓದಿದರು. ಉಸಿರು ಸಾಲದೆ ಅಲ್ಲಲ್ಲಿ ನಿಂತರು. ಕೇಳುವವಳು ನಾನೊಬ್ಬಳೇ, ಒಂದು ಪದವೂ ತಿಳಿಯದವಳು.

ಒಂದು ಕಡೆ ನಿಂತು ಬೆರಳಿಟ್ಟು ಹೇಳಿದರು: "ಇಲ್ಲಿ, ಹೊರಗೆ ಹಾಕಿದವನಿಗೆ ವಾಸಿಯಾಯಿತೋ ಎಂದು ನೋಡಬೇಕು. ಆದರೆ ಅವನು ಒಳಗೆ ಬರುವಂತಿಲ್ಲ. ಹಾಗಾಗಿ ಪುರೋಹಿತನೇ ಪಾಳೆಯದ ಹೊರಗೆ ಹೋಗುತ್ತಾನೆ. ಹದಿಮೂರರಲ್ಲಿ ಇದನ್ನು ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ."

ಅತ್ತೆಗೆ ಲಸಿಕೆಯಾಯಿತು. ನನಗೆ ಎರಡೂ ಆಗಿವೆ. ಇನ್ನು ಇಲ್ಲಿರಲು ನೆಪವಿಲ್ಲ ಅಂದೆ.

"ಹೆದರಿಕೆಯಾ?"

"ತುಂಬಾ."

"ಗ್ರ್ಯಾಂಡ್," ಅಂದರು ಕಾಟ್ಸ್. "ನಾನೂ ಹೆದರಿಕೊಂಡೇ ಆಂಬುಲೆನ್ಸ್ ಹತ್ತಿದ್ದೆ."

ಏಪ್ರಿಲ್ 24

ನಾಳೆ ಮನೆ. ಮುಖಕ್ಕೆ ಹಚ್ಚಲು ತಂದ ಬಣ್ಣದ ಕ್ರೀಮು ಎಲ್ಲಿಟ್ಟೆನೋ ಸಿಗುತ್ತಿಲ್ಲ.

ಏಪ್ರಿಲ್ 25, ಭಾನುವಾರ

ತನ್ವಿ ಓಡಿಬಂದು ಸೊಂಟಕ್ಕೆ ಜೋತುಬಿದ್ದಳು. ಸತ್ಯ ನನ್ನ ಮುಖ ನೋಡಿದ, ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಸೋಫಾದಿಂದ ಕರೆದರು. "ಬಾರೇ ಮೊದ್ಲು, ಇನ್ಸುಲಿನ್ ನೀನೇ ಹಾಕು. ಇವ್ನು ಹಾಕಿದ್ರೆ ಗೋಣಿ ಹೊಲ್ದಂಗೆ ಚುಚ್ತಾನೆ." ಸೆರಗು ಸರಿಸಿ ತೋಳು ಚಾಚಿದರು.

ಸೂಜಿ ಹಿಡಿದ ಕೈ ಅವರ ಕಣ್ಣಿಗೆ ಬಿತ್ತು.

"ಏನೇ ಇದು?"

"ತೊನ್ನು, ಅತ್ತೆ."

ತೋಳು ಹಿಂದಕ್ಕೆ ಹೋಯಿತು. ತನ್ವಿಯ ಕಡೆ ನೋಡಿದರು, ನನ್ನ ತುಟಿ ನೋಡಿದರು. "ನಿಮ್ಮ ಕಡೆ ಯಾರ್ಗೂ ಇಲ್ಲ ಅಂದಿದ್ರಲ್ಲ ನಿಮ್ಮಪ್ಪ."

"ಚಿಕ್ಕಮ್ಮನಿಗೆ ಇತ್ತು. ರಾಜಮ್ಮ ಅಂತ. ನೀವು ಬಂದ ದಿನ ಅವರನ್ನ ಸಿನಿಮಾಕ್ಕೆ ಕಳಿಸಿದ್ರು."

"ಮಗೂಗೆ?"

"ಬರ್ದೇ ಇರ್ಬೋದು. ಬರ್ಲೂಬೋದು. ಬಂದ್ರೂ ಸಾಯಲ್ಲ, ಅತ್ತೆ."

ಅವರು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ತನ್ವಿ ಸತ್ಯನನ್ನು ಕೇಳಿದಳು, "Is Ajji cross with Mam?" ಅವನು ಅವಳ ತಲೆ ಸವರಿ ನನ್ನ ಪಕ್ಕ ಕೂತ. "ಇಷ್ಟು ದಿನ ಒಬ್ಳೇ ಇಟ್ಕೊಂಡಿದ್ಯಲ್ಲ," ಅಂದ. ಅವನ ಕಣ್ಣು ಕೆಂಪಾಗಿತ್ತು.

ಊಟದ ಹೊತ್ತು ಕಳೆಯಿತು. ಬಾಗಿಲು ತೆರೆಯಲಿಲ್ಲ. ಇನ್ಸುಲಿನ್ ಇಲ್ಲ. ಎಷ್ಟಕ್ಕೆ ಏರಿರಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಬಾಗಿಲ ಬಳಿ ನೆಲದ ಮೇಲೆ ಕೂತೆ. ಭಯವಾಗುತ್ತಿತ್ತು, ಒಳಗೆ ಅವರು ಬಿದ್ದಿದ್ದರೆ? "ಅತ್ತೆ, ಬಾಗ್ಲು ತೆಗೀರಿ. ಬೇಕಾದ್ರೆ ಸತ್ಯನೇ ಹಾಕ್ಲಿ. ತಗೊಳ್ಳಿ ಸಾಕು."

ಮೂರು ಗಂಟೆಯ ಮೇಲೆ ತೆರೆದರು. ಅತ್ತಿದ್ದರು. ನನ್ನ ಮುಖ ನೋಡದೆ ಮಂಚದ ಅಂಚಿನಲ್ಲಿ ಕೂತು ತೋಳು ಮುಂದೆ ಮಾಡಿದರು. ಹಾಕಿದೆ. ಸೂಜಿ ತೆಗೆದ ಮೇಲೆ ಸೆರಗು ಎಳೆದುಕೊಂಡರು.

"ಆ ರಾಜಮ್ಮ ಈಗ್ಲೂ ಇದಾರಾ?"

"ನಂಜನಗೂಡಲ್ಲಿ ಇದಾರೆ."

"ಯಾರ್ ಜೊತೆ?"

"ಒಬ್ರೇ."

"ಅಲ್ಲಿ ಕೊರೋನಾ ಜೋರಾಗಿದೆ ಅಂತಾರೆ ಟೀವೀಲಿ. ಬೆಡ್ಡೂ ಇಲ್ವಂತೆ, ಆಕ್ಸಿಜನ್ನೂ ಇಲ್ವಂತೆ. ಫೋನ್ ಮಾಡಿದ್ಯಾ?"

ಅಮ್ಮನಿಂದ ನಂಬರ್ ತರಿಸಿಕೊಂಡೆ. ಅಲ್ಲಿ ರಾತ್ರಿ ಊಟದ ಸಮಯ. ಬಹಳ ಸಲ ರಿಂಗಾದ ಮೇಲೆ ಎತ್ತಿದಳು.

"ಚಿಕ್ಕಮ್ಮ, ನಾನು ವನಜಾ. ಐರ್ಲೆಂಡಿಂದ."

"ವನಜಾನಾ? ಯಾಕಮ್ಮಾ? ಯಾರ್ಗೇನಾಯ್ತು?" ದನಿ ಗಾಬರಿಯಲ್ಲಿ ಕಿರಿದಾಯಿತು.

"ಯಾರ್ಗೂ ಏನೂ ಆಗಿಲ್ಲ. ಹೇಗಿದೀರಾ ಅಂತ..."

ಅತ್ತೆ ಕೈಚಾಚಿ ಫೋನ್ ತೆಗೆದುಕೊಂಡರು. ಗಂಟಲು ಸರಿಮಾಡಿಕೊಂಡರು. "ನೋಡೀಮ್ಮಾ, ನಾನು ಬಸಲಿಂಗಮ್ಮ. ವನಜನ ಅತ್ತೆ. ಲಸಿಕೆ ಹಾಕಿಸ್ಕೊಂಡ್ರಾ ನೀವು? ಮನೇಗೆ ಸಾಮಾನು ಯಾರ್ ತಂದ್ಕೊಡ್ತಾರೆ?"

ಆ ಕಡೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಕರೆ ಕಟ್ಟಾಗಿರಬೇಕೆಂದು ಅತ್ತೆ ಫೋನನ್ನು ಕಿವಿಯಿಂದ ತೆಗೆದು ನೋಡಿದರು. ಕಟ್ಟಾಗಿರಲಿಲ್ಲ.